ಬಿಳಿ ಗುಂಬಜ್, ಕರಿ ಬಿದ್ರಿ: ರೀಲ್ ಕ್ಯಾಮೆರಾದ ಮೀಟರ್ ಎಲ್ಲಿ ತಪ್ಪುತ್ತೆ? ನೀವು ಏನು ಮಾಡಬೇಕು?

ಬೀದರ್: ಅಪ್ಪನ ಕಾಲದ ಯಾಶಿಕಾ, ಚಿಕ್ಕಪ್ಪ ಸೆಕೆಂಡ್ ಹ್ಯಾಂಡ್ ತಂದಿದ್ದ ಪೆಂಟಾಕ್ಸ್, ಬಂದ್ ಆದ ಸ್ಟುಡಿಯೋದಿಂದ ಬಂದ ನಿಕಾನ್. ಇಂಥದ್ದೊಂದು ರೀಲ್ ಕ್ಯಾಮೆರಾ ನಿಮ್ಮ ಮನೆ ಅಲ್ಮಾರಿಯಲ್ಲೂ ಇರಬಹುದು. ಎಲ್ಲರ ಕೈಯಲ್ಲಿ ಮೊಬೈಲ್ ಇರುವ ಈ ಹೊತ್ತಿನಲ್ಲೂ ಹುಡುಗರು ಇವುಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ರೋಲ್ ಹಾಕುತ್ತಿದ್ದಾರೆ. ಮೊದಲು ಹೊರಡುವ ಜಾಗವೂ ಹೆಚ್ಚಾಗಿ ಒಂದೇ: ಊರಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಅಷ್ಟೂರ, ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲು.

ಆದರೆ ಒಂದು ಲೆಕ್ಕ ನೋಡ್ರಿ. ರೋಲ್‌ನಲ್ಲಿ ಇರೋದು 36 ಫೋಟೊ. ರೋಲ್‌ಗೆ ದುಡ್ಡು, ತೊಳೆಸಲಿಕ್ಕೆ ದುಡ್ಡು, ಸ್ಕ್ಯಾನ್ ಮಾಡಿಸಲಿಕ್ಕೆ ದುಡ್ಡು. ಊರಲ್ಲಿ ತೊಳೆಯುವವರು ಸಿಗದಿದ್ದರೆ ದೊಡ್ಡ ಊರಿಗೆ ಕೊರಿಯರ್ ಬೇರೆ. ಮೊಬೈಲ್‌ನಂಗೆ ಫೋಟೊ ತೆಗೆದ ಕೂಡಲೇ ನೋಡಿ ಮತ್ತೊಂದು ತೆಗೆಯೋ ಹಂಗಿಲ್ಲ. ತಪ್ಪಾಗಿದ್ದು ಗೊತ್ತಾಗೋದು ರೋಲ್ ತೊಳೆದು ಬಂದ ಮೇಲೆ. ಅಷ್ಟರಲ್ಲಿ ಜಾತ್ರೆ ಮುಗಿದಿರುತ್ತೆ, ಮದುವೆ ಮನೆಯ ಮಂದಿ ಊರಿಗೆ ಹೋಗಿರುತ್ತಾರೆ.

ಹೀಗೆ ಹಾಳಾಗುವ ಫೋಟೊಗಳಲ್ಲಿ ಬಹಳಷ್ಟು ಕ್ಯಾಮೆರಾ ಕೆಟ್ಟಿದ್ದರಿಂದ ಹಾಳಾಗೋದಿಲ್ಲ. ಕ್ಯಾಮೆರಾದೊಳಗಿನ ಮೀಟರ್ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಿದ್ದರಿಂದ ಹಾಳಾಗುತ್ತವೆ. ಮೀಟರ್ ಸುಳ್ಳು ಹೇಳೋದಿಲ್ಲ, ಆದರೆ ಅದಕ್ಕೆ ಎದುರಿಗೆ ಏನಿದೆ ಅನ್ನೋದು ಗೊತ್ತಿಲ್ಲ. ಬೀದರ್‌ನಂಥ ಊರಲ್ಲಿ ಇದು ದೊಡ್ಡ ಮಾತು. ಯಾಕಂದ್ರೆ ನಮ್ಮಲ್ಲಿ ಬಿಳಿ ಗಚ್ಚಿನ ಗುಂಬಜ್ ಇದೆ, ಕರಿ ಬಿದ್ರಿ ಸಾಮಾನು ಇದೆ, ಕರಿ ಹೊಲ ಇದೆ, ಕತ್ತಲೆಯೊಳಗಿನ ಬಣ್ಣದ ಚಿತ್ರ ಇದೆ. ಮೀಟರ್ ತಪ್ಪುವ ಜಾಗಗಳೆಲ್ಲ ಇಲ್ಲೇ ಇವೆ.

ಎಕ್ಸ್‌ಪೋಷರ್ ಅಂದ್ರೆ ಏನು?

ಫಿಲ್ಮ್ ಮೇಲೆ ಎಷ್ಟು ಬೆಳಕು ಬೀಳಬೇಕೋ ಅಷ್ಟೇ ಬೀಳುವಂತೆ ಮಾಡುವುದು. ನಳದ ಕೆಳಗೆ ಕೊಡ ಇಟ್ಟ ಹಾಗೆ. ಕೊಡ ತುಂಬಬೇಕು, ಚೆಲ್ಲಬಾರದು. ಇದಕ್ಕೆ ಮೂರು ವಿಷಯ ನೋಡಬೇಕು.

ಒಂದು, ಅಪರ್ಚರ್. ಇದು ನಳದ ಬಾಯಿ, ಅಂದರೆ ಲೆನ್ಸ್ ಒಳಗಿನ ಕಿಂಡಿ. ಲೆನ್ಸ್ ಉಂಗುರದ ಮೇಲೆ 2, 2.8, 4, 5.6, 8, 11, 16 ಅಂತ ಬರೆದಿರುತ್ತೆ. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಎಫ್ 16 ಸಣ್ಣ ಕಿಂಡಿ, ಎಫ್ 2 ದೊಡ್ಡ ಕಿಂಡಿ.

ಎರಡು, ಶಟರ್ ಸ್ಪೀಡ್. ಇದು ನಳ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದು. ಮೇಲಿನ ಗುಂಡಿಯ ಮೇಲೆ 60, 125, 250, 500 ಅಂತ ಇದ್ದರೆ ಸೆಕೆಂಡಿನ ಅರವತ್ತನೇ ಒಂದು ಭಾಗ, ನೂರಿಪ್ಪತ್ತೈದನೇ ಒಂದು ಭಾಗ ಎಂದರ್ಥ.

ಮೂರು, ಐಎಸ್‌ಒ. ಹಳೇ ಕ್ಯಾಮೆರಾದಲ್ಲಿ ಎಎಸ್‌ಎ ಅಂತ ಬರೆದಿರುತ್ತೆ. ಇದು ಕೊಡದ ಗಾತ್ರ. 400ರ ರೋಲ್ ಸಣ್ಣ ಕೊಡ, ಕಡಿಮೆ ಬೆಳಕಿಗೇ ತುಂಬುತ್ತೆ. 100ರ ರೋಲ್‌ಗೆ ಅದರ ನಾಲ್ಕು ಪಟ್ಟು ಬೆಳಕು ಬೇಕು. ರೋಲ್ ಹಾಕಿದ ತಕ್ಷಣ ಡಬ್ಬಿಯ ಮೇಲಿನ ಅಂಕಿಯನ್ನು ಕ್ಯಾಮೆರಾದಲ್ಲಿ ಸೆಟ್ ಮಾಡ್ರಿ. ಇದನ್ನು ಮರೆತರೆ ಮುಂದಿನ ಲೆಕ್ಕ ಎಲ್ಲಾ ತಪ್ಪು.

ಅಪರ್ಚರ್‌ನಲ್ಲಿ ಒಂದು ಅಂಕಿ ಆಚೀಚೆ ಮಾಡಿದರೆ ಬೆಳಕು ಎರಡು ಪಟ್ಟಾಗುತ್ತೆ ಅಥವಾ ಅರ್ಧ ಆಗುತ್ತೆ. ಶಟರ್‌ನಲ್ಲೂ ಹಾಗೇ. ಈ ಒಂದು ಹೆಜ್ಜೆಗೆ ‘ಒಂದು ಸ್ಟಾಪ್’ ಅಂತಾರೆ. ಮುಂದೆ ಈ ಲೇಖನದಲ್ಲಿ ಸ್ಟಾಪ್ ಅಂದಾಗಲೆಲ್ಲ ಇದೇ ಅರ್ಥ.

ಮೀಟರ್ ಇಲ್ಲದಿದ್ದರೂ ನಡೆಯುತ್ತೆ

ಕ್ಯಾಮೆರಾದ ಮೀಟರ್ ಸತ್ತಿದೆ ಅಂತ ಬೇಜಾರು ಬೇಡ. ಸೂರ್ಯನ ಬೆಳಕು ದಿನಾ ಹೆಚ್ಚೂಕಮ್ಮಿ ಒಂದೇ ಇರುತ್ತೆ. ಅದರ ಮೇಲೆ ಒಂದು ಹಳೇ ಲೆಕ್ಕ ಇದೆ: ಬಿಸಿಲಲ್ಲಿ ಎಫ್ 16 ಇಟ್ಟು, ಐಎಸ್‌ಒ ಅಂಕಿಗೆ ಹತ್ತಿರದ ಶಟರ್ ಸ್ಪೀಡ್ ಇಡುವುದು. 100ರ ರೋಲ್ ಆದರೆ 1/125, 200 ಆದರೆ 1/250, 400 ಆದರೆ 1/500.

ಶಟರ್ ಹಾಗೇ ಬಿಟ್ಟು, ಬೆಳಕು ಬದಲಾದಂತೆ ಅಪರ್ಚರ್ ಮಾತ್ರ ಬದಲಿಸಿ:

- ಚುರುಕು ಬಿಸಿಲು, ನೆರಳು ಗೆರೆ ಎಳೆದಂತೆ ಬಿದ್ದಿದೆ: ಎಫ್ 16
- ತೆಳು ಮೋಡ, ನೆರಳಿನ ಅಂಚು ಮಸುಕು: ಎಫ್ 11
- ಮೋಡ, ನೆರಳು ಕಾಣಿಸೋದೇ ಕಷ್ಟ: ಎಫ್ 8
- ದಟ್ಟ ಮೋಡ, ಮಳೆಗಾಲದ ಮಧ್ಯಾಹ್ನ: ಎಫ್ 5.6
- ಬೇವಿನ ಮರದ ನೆರಳು, ಅಂಗಡಿ ಮುಂದಿನ ತಗಡಿನ ಕೆಳಗೆ: ಎಫ್ 5.6 ಅಥವಾ ಎಫ್ 4

ಇದು ಸೂರ್ಯ ಮೇಲೇರಿದ ಹೊತ್ತಿನ ಲೆಕ್ಕ. ಬೆಳಗ್ಗೆ ಬೇಗ, ಸಂಜೆ ಹೊತ್ತು ಮುಳುಗುವಾಗ ಇನ್ನೂ ಒಂದೆರಡು ಸ್ಟಾಪ್ ಬೆಳಕು ಹೆಚ್ಚು ಕೊಡಬೇಕು. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಳ್ರಿ. ಮೀಟರ್ ಇದ್ದವರಿಗೂ ಇದು ಬೇಕು. ಸುಡು ಬಿಸಿಲಲ್ಲಿ ನಿಮ್ಮ ಮೀಟರ್ 100ರ ರೋಲ್‌ಗೆ 1/125, ಎಫ್ 5.6 ಅಂತ ತೋರಿಸಿದರೆ ಏನೋ ಎಡವಟ್ಟಾಗಿದೆ ಅಂತ ತಕ್ಷಣ ತಿಳಿಯುತ್ತೆ.

ಮೀಟರ್ ಏನು ನೋಡುತ್ತೆ?

ಈಗ ಮುಖ್ಯ ಮಾತಿಗೆ ಬರೋಣ. ಪೆಂಟಾಕ್ಸ್ ಕೆ1000 ಥರದ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದರೆ ಪಕ್ಕದಲ್ಲಿ ಒಂದು ಮುಳ್ಳು ಕಾಣುತ್ತೆ. ಅದು ನಡುವೆ ಬರುವ ಹಾಗೆ ಅಪರ್ಚರ್, ಶಟರ್ ತಿರುಗಿಸಬೇಕು. ಮುಳ್ಳು ಮೇಲಿದ್ದರೆ ಬೆಳಕು ಹೆಚ್ಚು, ಕೆಳಗಿದ್ದರೆ ಕಡಿಮೆ. ನಿಕಾನ್ ಎಫ್‌ಎಂ10ನಲ್ಲಿ ಮುಳ್ಳಿನ ಬದಲು ಸಣ್ಣ ದೀಪ ಹತ್ತುತ್ತೆ: ‘+’ ಹತ್ತಿದರೆ ಹೆಚ್ಚು, ‘−’ ಹತ್ತಿದರೆ ಕಡಿಮೆ, ನಡುವಿನ ಸೊನ್ನೆ ಹತ್ತಿದರೆ ಸರಿ.

ಸರಿ ಅಂದ್ರೆ ಯಾರ ಲೆಕ್ಕಕ್ಕೆ ಸರಿ? ಮೀಟರ್ ಮಾಡಿದವರು ಒಂದು ಅಂದಾಜು ಹಾಕಿಕೊಂಡಿದ್ದಾರೆ. ಎದುರಿಗಿರುವ ಗಿಡ, ಮನೆ, ಮಂದಿ, ಮಣ್ಣು ಎಲ್ಲ ಕೂಡಿಸಿದರೆ ಸರಾಸರಿ ಒಂದು ನಡುವಿನ ಬೂದು ಬಣ್ಣ ಆಗುತ್ತೆ ಅಂತ. ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18 ಭಾಗ ಮಾತ್ರ ವಾಪಸ್ ಕೊಡುವ ಬೂದು. ಇದನ್ನೇ ಫೋಟೊಗ್ರಾಫರ್‌ಗಳು 18 ಪರ್ಸೆಂಟ್ ಗ್ರೇ ಅಂತಾರೆ. ಮೀಟರ್ ಏನೇ ನೋಡಿದರೂ ಅದನ್ನು ಈ ಬೂದು ಬಣ್ಣಕ್ಕೆ ತರಲು ನೋಡುತ್ತೆ. ಬಿಳಿ ತೋರಿಸಿದರೆ ‘ಬೆಳಕು ಜಾಸ್ತಿ ಆಯ್ತು’ ಅಂತ ಕಡಿಮೆ ಮಾಡಿಸಿ ಬಿಳಿಯನ್ನು ಬೂದು ಮಾಡುತ್ತೆ. ಕಪ್ಪು ತೋರಿಸಿದರೆ ‘ಬೆಳಕು ಸಾಲದು’ ಅಂತ ಹೆಚ್ಚು ಮಾಡಿಸಿ ಕಪ್ಪನ್ನೂ ಬೂದು ಮಾಡುತ್ತೆ.

ಅದಕ್ಕೇ ನೆನಪಿಡಬೇಕಾದ ಸೂತ್ರ ಕೇಳಲಿಕ್ಕೆ ಉಲ್ಟಾ ಅನಿಸುತ್ತೆ. ಬಿಳಿ ಇದ್ದಲ್ಲಿ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಬೆಳಕು ಕೊಡ್ರಿ. ಕಪ್ಪು ಇದ್ದಲ್ಲಿ ಕಡಿಮೆ ಕೊಡ್ರಿ.

ಅಷ್ಟೂರ ಗುಂಬಜ್ ಎದುರು ನಿಂತಾಗ

ಅಷ್ಟೂರದ ಗುಂಬಜ್‌ಗಳಿಗೆ ಗಚ್ಚಿನ ಮೈ. ಮಳೆಗೆ ಅಲ್ಲಲ್ಲಿ ಕಪ್ಪು ಕಲೆ ಬಿದ್ದಿದ್ದರೂ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತವೆ. ಹಿಂದೆ ಬೆಳಗುವ ಆಕಾಶ ಬೇರೆ. ಫ್ರೇಮ್ ತುಂಬ ಗುಂಬಜ್ ತುಂಬಿಸಿ ಮೀಟರ್ ನೋಡಿದರೆ 100ರ ರೋಲ್‌ಗೆ ಅದು 1/250, ಎಫ್ 16 ಅನ್ನಬಹುದು. ನಮ್ಮ ಬಿಸಿಲಿನ ಲೆಕ್ಕ 1/125, ಎಫ್ 16. ಅಂದರೆ ಮೀಟರ್ ಒಂದು ಸ್ಟಾಪ್ ಕಡಿಮೆ ಹೇಳಿದೆ. ಅದನ್ನೇ ನಂಬಿದರೆ ಗುಂಬಜ್ ಮಾಸಿದ ಧೋತರದ ಹಾಗೆ ಬರುತ್ತೆ, ಎದುರು ನಿಂತವರ ಮುಖ ಕಪ್ಪಾಗುತ್ತೆ.

ಸುಲಭ ದಾರಿ: ಕ್ಯಾಮೆರಾವನ್ನು ಗುಂಬಜ್ ಕಡೆಯಿಂದ ಇಳಿಸಿ, ಅದೇ ಬಿಸಿಲಲ್ಲಿರುವ ಹಸಿರು ಹುಲ್ಲಿನ ಮೇಲೋ ಬೂದು ಕಲ್ಲಿನ ಮೇಲೋ ಮೀಟರ್ ನೋಡ್ರಿ. ಬಂದ ಅಂಕಿ ಸೆಟ್ ಮಾಡಿ. ಆಮೇಲೆ ಗುಂಬಜ್ ಕಡೆ ತಿರುಗಿದಾಗ ಮುಳ್ಳು ಮೇಲೆ ಕೆಳಗೆ ಆಡಿದರೂ ಮುಟ್ಟಬೇಡ್ರಿ.

ಹುಲ್ಲೂ ಇಲ್ಲ, ಕಲ್ಲೂ ಇಲ್ಲ ಅಂದ್ರೆ ನಿಮ್ಮ ಅಂಗೈ ಇದೆ. ಅಂಗೈ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳಗು. ಅಂಗೈ ಮೇಲೆ ಬಿಸಿಲು ಬೀಳುವ ಹಾಗೆ ಹಿಡಿದು ಮೀಟರ್ ನೋಡಿ, ಬಂದ ಅಂಕಿಗಿಂತ ಒಂದು ಸ್ಟಾಪ್ ಬೆಳಕು ಹೆಚ್ಚು ಕೊಡಿ. ಮುಖ ಕರ್ರಗಿರಲಿ ಬೆಳ್ಳಗಿರಲಿ, ಅಂಗೈ ಬಣ್ಣದಲ್ಲಿ ಅಷ್ಟು ಫರಕು ಇರೋದಿಲ್ಲ. ಹಾಗಾಗಿ ಇದು ಎಲ್ಲರಿಗೂ ನಡೆಯುತ್ತೆ.

ಅದೇ ಸಾಲಿನ ಹುಮಾಯೂನ್ ಷಾ ಸಮಾಧಿಯ ಕಥೆ ಬೇರೆ. ಸಿಡಿಲು ಬಡಿದು ಅರ್ಧ ಕುಸಿದ ಗುಂಬಜ್ ಅದು. ಒಂದು ಕಡೆ ಸುಡು ಬಿಸಿಲು, ಒಡೆದ ಹೊಟ್ಟೆಯೊಳಗೆ ನೆರಳು. ಎರಡಕ್ಕೂ ಮೂರು ಸ್ಟಾಪ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಫರಕು. ನೆಗೆಟಿವ್ ರೋಲ್ ಹಾಕಿದ್ದರೆ ನೆರಳಿನ ಭಾಗಕ್ಕೆ ಹತ್ತಿರ ಹೋಗಿ ಮೀಟರ್ ನೋಡ್ರಿ. ಅಲ್ಲಿ 1/125ಕ್ಕೆ ಎಫ್ 4 ಬಂದರೆ, ಎರಡು ಸ್ಟಾಪ್ ಇಳಿಸಿ ಎಫ್ 8ಕ್ಕೆ ತೆಗೆಯಿರಿ. ನೆರಳು ನೆರಳಾಗಿಯೇ ಉಳಿಯುತ್ತೆ, ಒಳಗಿನ ಇಟ್ಟಿಗೆ ಕಲ್ಲೂ ಕಾಣುತ್ತೆ, ಬಿಸಿಲಿನ ಭಾಗವನ್ನು ನೆಗೆಟಿವ್ ತಾಳಿಕೊಳ್ಳುತ್ತೆ.

ಬಿದ್ರಿ ಅಂಗಡಿಯವರು ಇದನ್ನು ಓದಲೇಬೇಕು

ಬಿದ್ರಿ ಅಂದ್ರೆ ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಮೈಯನ್ನು ಕಪ್ಪು ಮಾಡಿದ ಸಾಮಾನು. ಇದರ ಅಂದವೆಲ್ಲ ಕಪ್ಪು ಮತ್ತು ಬೆಳ್ಳಿಯ ಫರಕಿನಲ್ಲಿದೆ. ಮೀಟರ್ ಕೆಡಿಸೋದೂ ಅದನ್ನೇ.

ಒಂದು ಹೂಜಿಯನ್ನು ಫ್ರೇಮ್ ತುಂಬ ಇಟ್ಟು ಮೀಟರ್ ನೋಡಿದಿರಿ ಅಂದ್ಕೊಳ್ರಿ. ಕಪ್ಪು ಮೈ ನೋಡಿ ಅದು 1/60ಕ್ಕೆ ಎಫ್ 2 ಕೇಳುತ್ತೆ. ಹಾಗೇ ತೆಗೆದರೆ ಕಪ್ಪು ಬೂದಿಯ ಬಣ್ಣಕ್ಕೆ ಬರುತ್ತೆ, ಬೆಳ್ಳಿ ಗೆರೆಗಳು ಸುಣ್ಣ ಬಳಿದಂತೆ ಒಂದಾಗಿ ಹೋಗುತ್ತವೆ. ಗಿರಾಕಿಗೆ ಆ ಫೋಟೊ ಕಳಿಸಿದರೆ ‘ಇದು ಅಲ್ಯೂಮಿನಿಯಂ ಏನ್ರಿ?’ ಅಂತಾನೆ.

ಹೂಜಿ ಪಕ್ಕ, ಅದೇ ಬೆಳಕಿಗೆ ಅಂಗೈ ಹಿಡಿದು ನೋಡ್ರಿ. ಎಫ್ 5.6 ಬರುತ್ತೆ ಅಂದ್ಕೊಳ್ಳೋಣ. ಒಂದು ಸ್ಟಾಪ್ ತೆರೆದು ಎಫ್ 4 ಇಡಿ. ಮೀಟರ್ ಕೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ. ಈಗ ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಿಯಾಗಿ ಬರುತ್ತೆ. ನೇರ ಬಿಸಿಲಲ್ಲಿ ಇಡಬೇಡಿ, ಬೆಳ್ಳಿ ಕಣ್ಣು ಕುಕ್ಕುತ್ತೆ. ಅಂಗಡಿ ಬಾಗಿಲ ಪಕ್ಕದ ನೆರಳಲ್ಲಿಟ್ಟು, ಎದುರು ಬದಿಗೆ ಒಂದು ಬಿಳಿ ಬಟ್ಟೆ ಅಥವಾ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಸಾಕು.

ಇದೇ ಮಾತು ಭಾಲ್ಕಿ, ಔರಾದ್ ಕಡೆಯ ಕರಿ ಹೊಲಕ್ಕೂ ಅನ್ವಯಿಸುತ್ತೆ. ಉಳುಮೆ ಮಾಡಿದ ಎರೆ ಭೂಮಿ ಫ್ರೇಮ್ ತುಂಬ ಇದ್ದರೆ ಒಂದು ಸ್ಟಾಪ್ ಕಡಿಮೆ ಕೊಡಿ. ಅದೇ ಹೊಲದಲ್ಲಿ ಬಿಳಿ ಅಂಗಿ, ಬಿಳಿ ಟೋಪಿಯ ಅಜ್ಜ ಹತ್ತಿರ ಬಂದು ನಿಂತರೆ ಒಂದು ಸ್ಟಾಪ್ ಹೆಚ್ಚು ಕೊಡಿ. ಬೆಳಕು ಬದಲಾಗಿಲ್ಲ, ಎದುರಿಗಿನ ಬಣ್ಣ ಬದಲಾಗಿದೆ ಅಷ್ಟೇ. ಮೀಟರ್‌ಗೆ ಈ ವ್ಯತ್ಯಾಸ ತಿಳಿಯೋದಿಲ್ಲ, ನಿಮಗೆ ತಿಳಿಯುತ್ತೆ.

ಅಂಗಡಿಯಲ್ಲಿ ಗಲ್ಲಾ ಮೇಲೆ ಕೂತವರ ಫೋಟೊ ತೆಗೆಯುವಾಗ ಇನ್ನೊಂದು ತೊಡಕು. ಒಳಗಿನಿಂದ ರಸ್ತೆ ಕಡೆ ಕ್ಯಾಮೆರಾ ತಿರುಗಿಸಿದರೆ ಹೊರಗಿನ ಬಿಸಿಲು ಮೀಟರ್‌ನ ತುಂಬ ತುಂಬುತ್ತೆ, ಕೂತವರು ಬರೀ ಕರಿ ನೆರಳಾಗುತ್ತಾರೆ. ಹತ್ತಿರ ಹೋಗಿ ಅವರ ಮುಖದ ಮೇಲೆ ಮಾತ್ರ ಮೀಟರ್ ನೋಡಿ, ಅಂಕಿ ಸೆಟ್ ಮಾಡಿ, ಹಿಂದೆ ಬಂದು ತೆಗೆಯಿರಿ. ಔರಾದ್‌ನ ಅಮರೇಶ್ವರ ಜಾತ್ರೆಯಲ್ಲಿ ಬೆಳಗುವ ಆಕಾಶದ ಎದುರು ತೇರು, ಮಂದಿ ಬಂದಾಗಲೂ ಇದೇ ದಾರಿ.

ಅಹ್ಮದ್ ಷಾ ವಲಿ ಗುಂಬಜ್ ಒಳಗೆ

ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ದೊರೆ ಅಹ್ಮದ್ ಷಾ. 1436ರಲ್ಲಿ ತೀರಿಕೊಂಡ. ಹಿಂದೂಗಳು, ಮುಸ್ಲಿಮರು ಕೂಡಿ ಇಲ್ಲಿ ಉರುಸು, ಜಾತ್ರೆ ನಡೆಸುತ್ತಾರೆ. ಸಮಾಧಿಯ ಒಳಗೋಡೆ ತುಂಬ ಕೆಂಪು, ನೀಲಿ, ಹಸಿರು, ಚಿನ್ನದ ಬಣ್ಣದ ಚಿತ್ತಾರ, ಅಕ್ಷರ. ಆದರೆ ಒಳಗೆ ಕತ್ತಲು. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ತಿರುಗಿಸಿ ಬಂದವರಿಗೆ ಚಿತ್ರ ತೋರಿಸುವ ರೂಢಿ ಇಲ್ಲಿದೆ.

ಈ ಕನ್ನಡಿ ಬೆಳಕಿನಲ್ಲಿ ಫೋಟೊ ತೆಗೆಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಗೋಡೆಯೆಲ್ಲ ಕತ್ತಲು, ನಡುವೆ ಒಂದು ಬೆಳಕಿನ ಮಚ್ಚೆ. ಮೀಟರ್ ಕತ್ತಲನ್ನೇ ಹೆಚ್ಚು ನೋಡಿ ಬೆಳಕು ಬೇಕು ಅನ್ನುತ್ತೆ. ಕೊಟ್ಟರೆ ಆ ಮಚ್ಚೆಯೊಳಗಿನ ಚಿನ್ನ, ಕೆಂಪು ಎಲ್ಲ ಸುಟ್ಟು ಬಿಳಿಯಾಗುತ್ತೆ. ಬೇಕಾಗಿದ್ದೇ ಹೋಯ್ತು! ಬೆಳಕು ಬಿದ್ದ ಭಾಗ ಮಾತ್ರ ಫ್ರೇಮ್ ತುಂಬುವಷ್ಟು ಹತ್ತಿರ ಹೋಗಿ ಮೀಟರ್ ನೋಡ್ರಿ. ಸುತ್ತಲಿನ ಕತ್ತಲು ಕತ್ತಲಾಗಿಯೇ ಇರಲಿ.

ಕನ್ನಡಿಯಲ್ಲಿ ಬಿಸಿಲು ಹಿಡಿಯುವ ಈ ಉಪಾಯಕ್ಕೆ ಸಿನಿಮಾದಲ್ಲೂ ದೊಡ್ಡ ಹೆಸರಿದೆ. 1959ರ ಗುರುದತ್ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಕಾಣುತ್ತಲ್ಲ, ಅದನ್ನು ಛಾಯಾಗ್ರಾಹಕ ವಿ.ಕೆ. ಮೂರ್ತಿ ಕನ್ನಡಿಗಳಿಂದ ಬಿಸಿಲು ತಿರುಗಿಸಿ ತೆಗೆದರು. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

ಕನ್ನಡಿ ಇಲ್ಲದೆ ತೆಗೆಯಬೇಕು ಅಂದ್ರೆ ನಿಮ್ಮ ಕಣ್ಣನ್ನು ನಂಬಬೇಡಿ. ಒಳಗೆ ಹತ್ತು ನಿಮಿಷ ನಿಂತರೆ ಕಣ್ಣು ಹೊಂದಿಕೊಂಡು ಬೆಳಕು ಸಾಕು ಅನಿಸುತ್ತೆ. ಫಿಲ್ಮ್ ಹಾಗೆ ಹೊಂದಿಕೊಳ್ಳೋದಿಲ್ಲ. 400ರ ರೋಲ್‌ಗೂ ಅರ್ಧ ಸೆಕೆಂಡಿನಿಂದ ಹಲವು ಸೆಕೆಂಡ್ ಬೇಕಾಗಬಹುದು. ಸಾಮಾನ್ಯ 50 ಎಂಎಂ ಲೆನ್ಸ್‌ನಲ್ಲಿ 1/60ಕ್ಕಿಂತ ನಿಧಾನವಾದರೆ ಕೈ ಅಲುಗಿ ಫೋಟೊ ಮಸುಕಾಗುತ್ತೆ, ಟ್ರೈಪಾಡ್ ಬೇಕು. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಟ್ರೈಪಾಡ್‌ಗೆ ಮೊದಲೇ ಅನುಮತಿ ಪಡೆಯಬೇಕು. ಹಳೇ ಬಣ್ಣದ ಮೇಲೆ ಫ್ಲಾಶ್ ಹೊಡೆಯಬೇಡಿ. ಸಮಾಧಿಗೆ ನಡೆದುಕೊಳ್ಳುವ ಮಂದಿ ಒಳಗಿದ್ದರೆ ಅವರನ್ನು ಕೇಳಿಯೇ ಕ್ಯಾಮೆರಾ ಎತ್ತಿ.

ಇನ್ನೊಂದು ಗುಟ್ಟು: ಒಂದು ಸೆಕೆಂಡ್ ದಾಟಿದ ಮೇಲೆ ಫಿಲ್ಮ್ ಸುಸ್ತಾಗುತ್ತೆ. ಮೀಟರ್ 4 ಸೆಕೆಂಡ್ ಅಂದ್ರೆ ನಿಜಕ್ಕೂ ಅದಕ್ಕಿಂತ ಹೆಚ್ಚು ಬೇಕು. ಎಷ್ಟು ಅನ್ನೋದು ಒಂದೊಂದು ಫಿಲ್ಮ್‌ಗೆ ಒಂದೊಂದು ಥರ, ಕಂಪನಿಯ ಮಾಹಿತಿ ಹಾಳೆಯಲ್ಲಿ ಕೊಟ್ಟಿರುತ್ತಾರೆ.

ಇಷ್ಟೆಲ್ಲ ಯಾಕೆ? ಹೈದರಾಬಾದ್ ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ ಅವರು ಬೀದರ್‌ನ ಇತಿಹಾಸ, ಸ್ಮಾರಕಗಳ ಬಗ್ಗೆ ಬರೆದ ಗ್ರಂಥ 1947ರಲ್ಲಿ ಬಂತು. ಅದರಲ್ಲಿನ ಫೋಟೊಗಳನ್ನು ನೋಡಿಯೇ ಇಂದಿಗೂ ಆಗ ಏನಿತ್ತು, ಈಗ ಏನು ಉಳಿದಿದೆ ಅಂತ ಹೋಲಿಸಬಹುದು. ಗೋಡೆಯಿಂದ ಉದುರಿದ ಬಣ್ಣ ವಾಪಸ್ ಬರೋದಿಲ್ಲ. ಸರಿಯಾಗಿ ಎಕ್ಸ್‌ಪೋಸ್ ಆದ ಒಂದು ನೆಗೆಟಿವ್ ಮಾತ್ರ ಉಳಿಯುತ್ತೆ. ನಿಮ್ಮ ಮನೆಯ ಹಳೇ ಅಂಗಡಿ, ಕೆಡವಲಿರುವ ಮಣ್ಣಿನ ಮನೆ, ಅಜ್ಜಿಯ ಮುಖಕ್ಕೂ ಇದೇ ಮಾತು.

ಅನುಮಾನ ಬಂದಾಗ ಯಾವ ಕಡೆ?

ಕಲರ್ ಆಗಲಿ, ಬ್ಲಾಕ್ ಅಂಡ್ ವೈಟ್ ಆಗಲಿ, ನೆಗೆಟಿವ್ ರೋಲ್ ಆದರೆ ಬೆಳಕು ಹೆಚ್ಚು ಕೊಡೋದೇ ಕ್ಷೇಮ. ಒಂದೆರಡು ಸ್ಟಾಪ್ ಹೆಚ್ಚಾದರೂ ಪ್ರಿಂಟ್‌ನಲ್ಲಿ ಸರಿ ಮಾಡಬಹುದು. ಕಡಿಮೆಯಾದರೆ ನೆರಳಿನ ಭಾಗದಲ್ಲಿ ಫಿಲ್ಮ್ ಮೇಲೆ ಏನೂ ದಾಖಲಾಗಿರೋದಿಲ್ಲ, ಯಾವ ಲ್ಯಾಬ್‌ನವರೂ ಅದನ್ನು ತಂದುಕೊಡಲಾರರು. ಸ್ಲೈಡ್ ಫಿಲ್ಮ್ ಇದಕ್ಕೆ ತದ್ವಿರುದ್ಧ. ಅರ್ಧ ಸ್ಟಾಪ್ ಹೆಚ್ಚಾದರೂ ಬಿಳಿ ಭಾಗ ಸುಟ್ಟುಹೋಗುತ್ತೆ. ಕಲಿಯುವವರು ನೆಗೆಟಿವ್‌ನಿಂದಲೇ ಶುರು ಮಾಡ್ರಿ.

ರೋಲ್ ಹಾಕುವ ಮುಂಚೆ

- ಸೆಲ್ ನೋಡಿ. ಕೆ1000ಗೆ ಒಂದು, ಎಫ್‌ಎಂ10ಗೆ ಎರಡು ಗುಂಡು ಸೆಲ್ ಸಾಕು. ಎಲ್‌ಆರ್44 ಅಂದ್ರೆ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ. ಎಸ್‌ಆರ್44 ಸಿಕ್ಕರೆ ಇನ್ನೂ ಒಳ್ಳೇದು.
- ಕೆ1000ಗೆ ಮೀಟರ್ ಆಫ್ ಮಾಡುವ ಗುಂಡಿ ಇಲ್ಲ. ಲೆನ್ಸ್ ಮೇಲೆ ಮುಚ್ಚಳ ಹಾಕಿಡಿ, ಇಲ್ಲಾಂದ್ರೆ ಸೆಲ್ ಖಾಲಿ.
- ಯಾಶಿಕಾ ಮ್ಯಾಟ್ 124ಜಿ ಥರದ ಹಳೇ ಕ್ಯಾಮೆರಾಗಳಿಗೆ 1.35 ವೋಲ್ಟ್‌ನ ಪಾದರಸದ ಸೆಲ್ ಇತ್ತು, ಈಗ ಬರೋದಿಲ್ಲ. ಅದರ ಜಾಗಕ್ಕೆ 1.5 ವೋಲ್ಟ್ ಸೆಲ್ ಹಾಕಿದರೆ ಮೀಟರ್ ತಪ್ಪು ತೋರಿಸಬಹುದು. ಬಿಸಿಲಿನ ಪಟ್ಟಿಯೊಂದಿಗೆ ತಾಳೆ ನೋಡಿ.
- ಮೊಬೈಲ್‌ನಲ್ಲಿ ಲೈಟ್ ಮೀಟರ್ ಆ್ಯಪ್‌ಗಳಿವೆ. ಅವೂ ಎದುರಿಗಿದ್ದದ್ದನ್ನು ಬೂದು ಅಂತಲೇ ಲೆಕ್ಕ ಹಾಕುತ್ತವೆ. ಅಂಗೈ ಲೆಕ್ಕ ಅಲ್ಲೂ ಬೇಕು.
- ಬೇಸಿಗೆಯಲ್ಲಿ ರೋಲ್ ಇರುವ ಕ್ಯಾಮೆರಾವನ್ನು ಬೈಕ್ ಡಿಕ್ಕಿಯಲ್ಲಿ, ಬಿಸಿಲಿಗೆ ನಿಂತ ಕಾರಲ್ಲಿ ಬಿಡಬೇಡಿ. ಶಾಖಕ್ಕೆ ಫಿಲ್ಮ್ ಕೆಡುತ್ತೆ.

ಮೊದಲ ರೋಲ್ ಕಲಿಯಲಿಕ್ಕೆ ಅಂತಲೇ ಇಟ್ಟುಬಿಡಿ. ಒಂದೇ ದೃಶ್ಯವನ್ನು ಮೂರು ಸಲ ತೆಗೆಯಿರಿ: ಮೀಟರ್ ಹೇಳಿದಂತೆ ಒಂದು, ಒಂದು ಸ್ಟಾಪ್ ಹೆಚ್ಚು ಕೊಟ್ಟು ಒಂದು, ಒಂದು ಸ್ಟಾಪ್ ಕಡಿಮೆ ಕೊಟ್ಟು ಒಂದು. ಹೀಗೆ 12 ದೃಶ್ಯಕ್ಕೆ 36 ಫೋಟೊ ಸರಿಹೋಗುತ್ತೆ. ಗುಂಬಜ್, ಬಿದ್ರಿ, ಹೊಲ, ಅಂಗಡಿಯೊಳಗೆ, ಮರದ ನೆರಳು, ಎಲ್ಲ ಬರಲಿ. ಪ್ರತಿ ಫೋಟೊದ ನಂಬರ್, ಅಪರ್ಚರ್, ಶಟರ್, ಬೆಳಕು ಹೇಗಿತ್ತು ಅಂತ ಸಣ್ಣ ನೋಟ್‌ಬುಕ್‌ನಲ್ಲಿ ಬರೀರಿ. ಲ್ಯಾಬ್‌ನವರಿಗೆ ‘ಬೆಳಕು ಸರಿ ಮಾಡಬೇಡಿ, ಇದ್ದಂಗೆ ಸ್ಕ್ಯಾನ್ ಮಾಡಿ’ ಅಂತ ಹೇಳಿ. ಇಲ್ಲಾಂದ್ರೆ ಅವರ ಮಶಿನ್ ಮೂರನ್ನೂ ಒಂದೇ ಥರ ಮಾಡಿ ಕೊಡುತ್ತೆ, ನಿಮ್ಮ ದುಡ್ಡು ದಂಡ. ನೆಗೆಟಿವ್ ಪಟ್ಟಿಯನ್ನೂ ತಪ್ಪದೆ ವಾಪಸ್ ತರಿಸಿಕೊಳ್ಳಿ.

ರೋಲ್ ಬಂದ ದಿನ ನೋಟ್‌ಬುಕ್ ಪಕ್ಕಕ್ಕಿಟ್ಟು ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ತಾಳೆ ಹಾಕಿ. ನಿಮ್ಮ ಕ್ಯಾಮೆರಾ ಎಲ್ಲಿ ಹೆಚ್ಚು ಹೇಳುತ್ತೆ, ಎಲ್ಲಿ ಕಡಿಮೆ ಹೇಳುತ್ತೆ ಅನ್ನೋದು ಅದರಲ್ಲೇ ಕಾಣುತ್ತೆ. ಎರಡನೇ ರೋಲ್‌ನಿಂದ ಮೀಟರ್ ನಿಮಗೆ ಸಲಹೆ ಕೊಡುತ್ತೆ, ತೀರ್ಮಾನ ನಿಮ್ಮದಾಗುತ್ತೆ.